ಗೊತ್ತಿದ್ದ ಜೋಕಿಗೆ ಮತ್ತೆ ನಕ್ಕವರು

ಒಂದು ಸಲ ಕೇಳಿದ ಜೋಕಿಗೆ ಇನ್ನೊಂದು ಸಲ ನಗುವುದು ಹೇಳುವವರ ಮರ್ಯಾದೆಗಾಗಿ ಎಂಬುದು ಸಾಮಾನ್ಯ ತಿಳಿವಳಿಕೆ. ಆ ಲೆಕ್ಕ ಹಿಡಿದರೆ 2014ರ ಜುಲೈ ತಿಂಗಳಲ್ಲಿ ಲಂಡನ್ನಿನ ಓ-ಟೂ ಅರೀನಾದಲ್ಲಿ ಹತ್ತು ರಾತ್ರಿ ನಡೆದದ್ದಕ್ಕೆ ಅರ್ಥವೇ ಸಿಗುವುದಿಲ್ಲ. ಎಪ್ಪತ್ತು ದಾಟಿದ ಐವರು ಹಿರಿಯರು ಹರೆಯದಲ್ಲಿ ತಾವೇ ಬರೆದು ಟಿ.ವಿ.ಯಲ್ಲಿ ಆಡಿದ್ದ ಸ್ಕಿಟ್‌ಗಳನ್ನು ಹೆಚ್ಚುಕಮ್ಮಿ ಹಾಗೆಹಾಗೇ ಆಡಿ ತೋರಿಸಿದರು. ಎದುರಿಗೆ ಕೂತಿದ್ದ ಸಾವಿರಾರು ಜನರಲ್ಲಿ ಬಹುಪಾಲು ಮಂದಿಗೆ ಆ ಮಾತುಗಳು ಬಾಯಿಪಾಠ. ಮೊದಲು ಗೊತ್ತುಮಾಡಿದ್ದು ಒಂದೇ ಪ್ರದರ್ಶನ. 2013ರ ನವೆಂಬರ್ 25ರಂದು ಟಿಕೆಟ್ ಮಾರಾಟಕ್ಕೆ ಬಿಟ್ಟಾಗ 43.5 ಸೆಕೆಂಡಿನಲ್ಲಿ ಅಷ್ಟೂ ಖಾಲಿ. ಆಮೇಲೆ ಇನ್ನೂ ಒಂಬತ್ತು ಸೇರಿಸಿದರು. ಕೊನೆಯ ಪ್ರದರ್ಶನವನ್ನು, ಅದು ಜುಲೈ 20ರಂದು, ಬೇರೆ ಬೇರೆ ದೇಶಗಳ ಚಿತ್ರಮಂದಿರಗಳಿಗೂ ನೇರವಾಗಿ ಬಿತ್ತರಿಸಿದರು. ‘ಮಾಂಟಿ ಪೈಥಾನ್’ ಎಂಬ ಬ್ರಿಟಿಷ್ ಹಾಸ್ಯತಂಡ ಮತ್ತೆ ಒಂದಾದ ಈ ಪ್ರಸಂಗವನ್ನು ಹಳೆಯ ನೆನಪುಗಳ ವ್ಯಾಪಾರ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಿದವರು ಆಗಲೇ ಇದ್ದರು. ವ್ಯಾಪಾರವೇನೋ ಹೌದು. ಆದರೆ ಗೊತ್ತಿದ್ದ ಹಾಸ್ಯಕ್ಕೆ ಜನ ನಿಜವಾಗಿಯೂ ಹೊಟ್ಟೆತುಂಬ ನಕ್ಕರಲ್ಲ, ಅದು ಯಾವ ವ್ಯಾಪಾರದ ಜಾಣತನದಿಂದಲೂ ಆಗುವ ಕೆಲಸವಲ್ಲ.

ತಂಡದ ಹಿನ್ನೆಲೆ ಚುಟುಕಾಗಿ ಹೇಳಿಬಿಡಬಹುದು. ‘ಮಾಂಟಿ ಪೈಥಾನ್ಸ್ ಫ್ಲೈಯಿಂಗ್ ಸರ್ಕಸ್’ ಬಿಬಿಸಿಯಲ್ಲಿ ಶುರುವಾದದ್ದು 1969ರ ಅಕ್ಟೋಬರ್ 5ರಂದು. 1974ರ ಡಿಸೆಂಬರಿನಲ್ಲಿ ನಿಂತಾಗ ಒಟ್ಟು 45 ಕಂತುಗಳಾಗಿದ್ದವು. ಕೇಂಬ್ರಿಜ್‌ನಲ್ಲಿ ಓದಿದ ಜಾನ್ ಕ್ಲೀಸ್, ಗ್ರಹಾಂ ಚಾಪ್‌ಮನ್, ಎರಿಕ್ ಐಡಲ್. ಆಕ್ಸ್‌ಫರ್ಡ್‌ನಿಂದ ಬಂದ ಮೈಕೆಲ್ ಪೇಲಿನ್ ಮತ್ತು ಟೆರ್ರಿ ಜೋನ್ಸ್. ಇವರ ನಡುವೆ ಅಮೆರಿಕದ ಒಬ್ಬ ಚಿತ್ರಕಾರ, ಟೆರ್ರಿ ಗಿಲಿಯಂ. ಕ್ಲೀಸ್ ಮೂರನೆಯ ಸರಣಿ ಮುಗಿಯುತ್ತಿದ್ದಂತೆ ಸಾಕೆಂದು ಹೊರಬಿದ್ದಿದ್ದರು, ಸಿನಿಮಾಗಳಿಗೆ ಮಾತ್ರ ಮತ್ತೆ ಕೂಡಿಕೊಂಡರು. ವೈದ್ಯಕೀಯ ಓದಿ ಡಾಕ್ಟರಿಕೆ ಬಿಟ್ಟು ಬಂದಿದ್ದ ಚಾಪ್‌ಮನ್ ಕ್ಯಾನ್ಸರಿನಿಂದ ತೀರಿಕೊಂಡದ್ದು 1989ರ ಅಕ್ಟೋಬರ್ 4ರಂದು, ಕಾರ್ಯಕ್ರಮಕ್ಕೆ ಇಪ್ಪತ್ತು ವರ್ಷ ತುಂಬುವ ಹಿಂದಿನ ದಿನ. 2014ರ ಪ್ರದರ್ಶನದ ಹೆಸರಿಗೆ ಅಂಟಿಸಿದ್ದ ಅಡಿಬರಹದ ಅರ್ಥ ಇಷ್ಟು: ಒಬ್ಬ ಹೋದ, ಇನ್ನು ಐವರು ಬಾಕಿ. ತಮ್ಮವನ ಸಾವನ್ನೇ ಜಾಹೀರಾತಿಗೆ ಬಳಸಿಕೊಂಡರೆಂದು ಯಾರಿಗಾದರೂ ಕಸಿವಿಸಿಯಾಗಿದ್ದರೆ, ಅವರಿಗೆ ಚಾಪ್‌ಮನ್ ಸರಿಯಾಗಿ ಗೊತ್ತಿರಲಿಲ್ಲ ಎಂದೇ ಅರ್ಥ.

ಈ ಮರುಮಿಲನದ ವಿರುದ್ಧದ ಗಟ್ಟಿಯಾದ ವಾದ ದುಡ್ಡಿನದಲ್ಲ, ಹಾಸ್ಯದ ಸ್ವರೂಪದ್ದು. ಹಳೆಯ ರಾಕ್ ಬ್ಯಾಂಡ್ ಮತ್ತೆ ವೇದಿಕೆ ಹತ್ತಿದರೆ ಜನ ಹಳೆಯ ಹಾಡನ್ನೇ ಕೇಳುತ್ತಾರೆ, ಹೊಸದು ಹಾಡಿದರೆ ನೀರು ಕುಡಿಯಲು ಎದ್ದುಹೋಗುತ್ತಾರೆ. ಹಾಡಿಗೆ ಅದು ಸಲ್ಲುತ್ತದೆ. ಹಾಸ್ಯ ನಿಂತಿರುವುದು ಅನಿರೀಕ್ಷಿತದ ಮೇಲೆ. ನಿರೀಕ್ಷೆಯನ್ನು ಏರಿಸಿ ಥಟ್ಟನೆ ಏನೂ ಇಲ್ಲದಂತೆ ಮಾಡಿದಾಗ ನಗು ಹುಟ್ಟುತ್ತದೆ ಎಂದು ಇಮ್ಯಾನುಯೆಲ್ ಕಾಂಟ್ ಹೇಳಿ ಇನ್ನೂರು ವರ್ಷ ದಾಟಿದೆ. ಅದರಲ್ಲೂ ಪೈಥಾನ್ ಎಂದರೆ ಮುಂದಿನ ನಿಮಿಷ ಏನಾಗುತ್ತದೆಂದು ಯಾರಿಗೂ ಗೊತ್ತಾಗದ ಕಾರ್ಯಕ್ರಮ. ಸ್ಕಿಟ್ ನಡುವೆ ಮಿಲಿಟರಿ ಕರ್ನಲ್ ಬಂದು ‘ಇದು ಅತಿಯಾಯಿತು’ ಎಂದು ನಿಲ್ಲಿಸಿಬಿಡುತ್ತಾನೆ, ಮೇಲಿನಿಂದ ದೈತ್ಯ ಪಾದವೊಂದು ಬಂದು ಎಲ್ಲವನ್ನೂ ಅಪ್ಪಚ್ಚಿ ಮಾಡುತ್ತದೆ. ಅಂಥವರು ವಾರ್ಷಿಕೋತ್ಸವದ ಭಾಷಣದ ಹಾಗೆ ಹಳೆಯ ಮಾತುಗಳನ್ನೇ ಒಪ್ಪಿಸಿದರೆ ತಮ್ಮ ತತ್ವಕ್ಕೆ ತಾವೇ ಎರವಾದಂತಲ್ಲವೇ?

ವಾದ ಚೆನ್ನಾಗಿದೆ, ಆದರೆ ಪೈಥಾನ್ ಮಾಡಿದ ದೊಡ್ಡ ಬದಲಾವಣೆಯನ್ನೇ ಅದು ಮರೆಯುತ್ತದೆ. ಅವರಿಗಿಂತ ಮುಂಚಿನ ಸ್ಕಿಟ್‌ಗಳೆಲ್ಲ ಕೊನೆಯ ಪಂಚ್‌ಲೈನ್‌ಗಾಗಿ ಬದುಕುತ್ತಿದ್ದವು. ನಡುವಿನದೆಲ್ಲ ಅಲ್ಲಿಗೆ ಕರೆದೊಯ್ಯುವ ದಾರಿ. ಸ್ಪೈಕ್ ಮಿಲಿಗನ್ 1969ರಲ್ಲೇ ತಮ್ಮ ‘ಕ್ಯೂ5’ ಕಾರ್ಯಕ್ರಮದಲ್ಲಿ ಸ್ಕಿಟ್‌ಗಳನ್ನು ಕೊನೆಮುಟ್ಟಿಸದೆ ಅರ್ಧಕ್ಕೇ ಬಿಡುತ್ತಿದ್ದುದನ್ನು ನೋಡಿ ಪೈಥಾನ್ ಬಳಗಕ್ಕೆ ಧೈರ್ಯ ಬಂತು. ಪಂಚ್‌ಲೈನ್ ಎಂಬುದನ್ನೇ ಅವರು ಕಿತ್ತುಹಾಕಿದರು. ಒಂದು ಸ್ಕಿಟ್ ಸಾಕೆನಿಸಿದಾಗ ಗಿಲಿಯಂ ಕತ್ತರಿಸಿ ಅಂಟಿಸಿದ ಚಿತ್ರಗಳ ಆನಿಮೇಶನ್ ಅದನ್ನು ನುಂಗಿ ಇನ್ನೊಂದನ್ನು ಉಗುಳುತ್ತಿತ್ತು. ಇದರ ಪರಿಣಾಮ ಏನೆಂದು ಆಗ ಯಾರೂ ಯೋಚಿಸಿರಲಾರರು. ಕೊನೆಯಲ್ಲಿ ಬಯಲಾಗುವ ಗುಟ್ಟೇ ಇಲ್ಲದ ಮೇಲೆ ಗುಟ್ಟು ರಟ್ಟಾಗುವ ಭಯವೂ ಇಲ್ಲ. ನಗು ಕೊನೆಯ ಸಾಲಿನಿಂದ ಇಳಿದು ಇಡೀ ಸ್ಕಿಟ್‌ನ ಮೈಯಲ್ಲಿ, ಅದರ ಮಾತಿನ ಓಟದಲ್ಲಿ ಹರಡಿಕೊಂಡಿತು. ನೋಡುವವರಿಗೆ ಬೆರಗು ಹುಟ್ಟಿಸಲೆಂದು ಮಾಡಿದ ಉಪಾಯವೇ ಆ ಸ್ಕಿಟ್‌ಗಳನ್ನು ಮತ್ತೆ ಮತ್ತೆ ಕೇಳಲು ತಕ್ಕವಾಗಿ ಮಾಡಿಬಿಟ್ಟಿತು.

ಸತ್ತ ಗಿಳಿಯ ಸ್ಕಿಟ್ಟನ್ನೇ ತುಸು ಹತ್ತಿರದಿಂದ ನೋಡೋಣ. 1969ರ ಡಿಸೆಂಬರ್ 7ರಂದು ಮೊದಲು ಪ್ರಸಾರವಾದ ಇದರ ಕಥೆ ಎರಡು ವಾಕ್ಯದ್ದು. ಅಂಗಡಿಯಲ್ಲಿ ಗಿಳಿ ಕೊಂಡುಹೋದ ಗಿರಾಕಿ ಅದು ಸತ್ತಿದೆಯೆಂದು ವಾಪಸ್ ತರುತ್ತಾನೆ. ಸತ್ತಿಲ್ಲ, ಸುಧಾರಿಸಿಕೊಳ್ಳುತ್ತಿದೆ ಎಂದು ಅಂಗಡಿಯವನು ವಾದಿಸುತ್ತಾನೆ. ಇದರ ಬೇರು ಪೇಲಿನ್ ಕಂಡಿದ್ದ ಒಬ್ಬ ಗ್ಯಾರೇಜಿನವನಲ್ಲಿದೆ. ಕಾರಿನಲ್ಲಿ ಏನೇ ಕೆಟ್ಟಿದ್ದರೂ ಆತ ಕೆಟ್ಟಿದೆಯೆಂದು ಒಪ್ಪುತ್ತಲೇ ಇರಲಿಲ್ಲವಂತೆ. 1968ರಲ್ಲಿ ‘ಹೌ ಟು ಇರಿಟೇಟ್ ಪೀಪಲ್’ ಎಂಬ ಕಾರ್ಯಕ್ರಮಕ್ಕೆ ಅದನ್ನು ಕಾರಿನ ಸ್ಕಿಟ್ಟಾಗಿಯೇ ಮಾಡಿದ್ದರು. ಆಮೇಲೆ ಕ್ಲೀಸ್-ಚಾಪ್‌ಮನ್ ಜೋಡಿ ಅದನ್ನು ತಿದ್ದಿ ಬರೆಯುವಾಗ ಗಿಳಿ ಬಂತು. ಕಾರು ಕೆಟ್ಟಿದೆಯೇ ಇಲ್ಲವೇ ಎಂದು ವಾದಿಸಬಹುದು. ಕಟ್ಟೆಗೆ ಕುಕ್ಕಿದರೂ ಮಿಸುಕದ ಗಿಳಿಯ ವಿಷಯದಲ್ಲಿ ವಾದಕ್ಕೆ ಎಡೆಯೇ ಇಲ್ಲ, ಆದರೂ ಅಂಗಡಿಯವನು ಬಿಡುವುದಿಲ್ಲ. ತಡೆಯಲಾರದೆ ಗಿರಾಕಿ, ಸತ್ತಿತು ಎಂಬ ಒಂದೇ ಸಂಗತಿಯನ್ನು ಇಂಗ್ಲಿಷಿನಲ್ಲಿ ಎಷ್ಟು ಬಗೆಯಲ್ಲಿ ಹೇಳಲು ಸಾಧ್ಯವೋ ಅಷ್ಟೂ ಬಗೆಯಲ್ಲಿ, ಚರ್ಚಿನ ಗಾಂಭೀರ್ಯದಿಂದ ಬೀದಿಯ ಭಾಷೆಯವರೆಗೆ, ಒಂದೇ ಉಸಿರಿಗೆ ಒದರಿಬಿಡುತ್ತಾನೆ. ಇಲ್ಲಿ ಅನಿರೀಕ್ಷಿತ ಯಾವುದು? ಗಿಳಿ ಸತ್ತಿದೆಯೆಂದು ಮೊದಲ ನಿಮಿಷದಲ್ಲೇ ಎಲ್ಲರಿಗೂ ಗೊತ್ತು. ನಾವು ನಗುವುದು ಹಟಕ್ಕೆ, ಆ ಹಟ ಭಾಷೆಯಲ್ಲಿ ಏರುತ್ತ ಹೋಗುವ ಬಗೆಗೆ. ನೂರನೆಯ ಸಲ ಕೇಳಿದರೂ ಆ ಏರು ಏರೇ.

ಜನ ಈ ಮಾತುಗಳನ್ನು ಬಾಯಿಪಾಠ ಮಾಡಿಕೊಂಡದ್ದು ಮುದಿತನದ ಹಳಹಳಿಕೆಯಿಂದಲ್ಲ. 1971ರಲ್ಲಿ, ಕಾರ್ಯಕ್ರಮ ಇನ್ನೂ ಟಿ.ವಿ.ಯಲ್ಲಿ ನಡೆಯುತ್ತಿದ್ದ ಕಾಲದಲ್ಲೇ, ಕೊವೆಂಟ್ರಿಯಲ್ಲಿ ತಂಡ ಮೊದಲ ಸಲ ರಂಗದ ಮೇಲೆ ಆಡಿತು. ಮುಂದಿನ ಮಾತು ಪ್ರೇಕ್ಷಕರಿಗೆ ಆಗಲೇ ಗೊತ್ತಿತ್ತು. 1980ರಲ್ಲಿ ಲಾಸ್ ಏಂಜಲೀಸ್‌ನ ಹಾಲಿವುಡ್ ಬೌಲ್‌ನಲ್ಲಿ ಆಡಿದಾಗಲೂ ಹೀಗೇ. ಅಂದರೆ ನಟರ ಜೊತೆ ಜೊತೆಗೇ ಡೈಲಾಗ್ ಹೇಳುವ ಪ್ರೇಕ್ಷಕ 2014ರ ಸೃಷ್ಟಿಯಲ್ಲ. ಅವನು ಮೊದಲಿಂದಲೂ ಇದ್ದ. ಕಾಲ ಕಳೆದಂತೆ ಆ ಮಾತುಗಳು ನಾಟಕದ ಹೊರಕ್ಕೂ ಹಬ್ಬಿದವು. 1990ರ ಅಕ್ಟೋಬರಿನಲ್ಲಿ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ತಮ್ಮ ಪಕ್ಷದ ಸಮಾವೇಶದಲ್ಲಿ, ಹಕ್ಕಿಯ ಲಾಂಛನ ಹಾಕಿಕೊಂಡಿದ್ದ ಲಿಬರಲ್ ಡೆಮಾಕ್ರಾಟರನ್ನು ಅಣಕಿಸಲು ಇದೇ ಸತ್ತ ಗಿಳಿಯ ಮಾತುಗಳನ್ನು ಆಡಿದರು. ಅದಾಗಿ ವಾರ ತುಂಬುವುದರೊಳಗೆ ಈಸ್ಟ್‌ಬೋರ್ನ್ ಉಪಚುನಾವಣೆಯಲ್ಲಿ ಸತ್ತ ಗಿಳಿಯೇ ಗೆದ್ದಿತು, ನವೆಂಬರಿನಲ್ಲಿ ಥ್ಯಾಚರ್ ಕುರ್ಚಿ ಬಿಟ್ಟರು. ‘ಲೈಫ್ ಆಫ್ ಬ್ರಯಾನ್’ ಚಿತ್ರದ ಕೊನೆಯಲ್ಲಿ ಶಿಲುಬೆಗೇರಿದವರು ಹಾಡುವ ಐಡಲ್ ರಚಿತ ಹಾಡು ಬ್ರಿಟನ್ನಿನ ಶವಸಂಸ್ಕಾರಗಳಲ್ಲಿ ಜನ ಕೇಳಿ ಹಾಕಿಸಿಕೊಳ್ಳುವ ಹಾಡಾಯಿತು. 2012ರ ಲಂಡನ್ ಒಲಿಂಪಿಕ್ಸ್ ಸಮಾರೋಪದಲ್ಲಿ ಐಡಲ್ ಅದನ್ನು ಹಾಡಿದಾಗ ಅವರ ಸುತ್ತ ಭಾಂಗ್ರಾ ಕುಣಿಯುವವರೂ ಇದ್ದರು.

ಎಲ್ಲರಿಗೂ ಗೊತ್ತಿರುವುದು ಹಾಸ್ಯಗಾರನಿಗೆ ತೊಡಕಲ್ಲ, ಬಂಡವಾಳ ಎಂಬುದಕ್ಕೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಸಾಕ್ಷಿ 1989ರದು. ಆಮ್ನೆಸ್ಟಿ ಸಂಸ್ಥೆಯ ನೆರವಿಗಾಗಿ ನಡೆದ ಪ್ರದರ್ಶನದಲ್ಲಿ ಕ್ಲೀಸ್ ಎಂದಿನಂತೆ ಪಂಜರ ಹಿಡಿದು ಬಂದು ದೂರು ಹೇಳಿದರು. ಸಭೆ ಮುಂದಿನ ಜಗಳಕ್ಕೆ ಸಿದ್ಧವಾಗಿ ಕೂತಿತ್ತು. ಪೇಲಿನ್ ಗಿಳಿಯತ್ತ ಒಂದು ಸಲ ಕಣ್ಣುಹಾಯಿಸಿ, ಹೌದು ಸತ್ತಿದೆ ಎಂದು ಒಪ್ಪಿ, ದುಡ್ಡು ವಾಪಸ್ ಕೊಟ್ಟು, ಜೊತೆಗೆ ರಜೆ ಪ್ರವಾಸದ ಕೂಪನ್ನುಗಳನ್ನೂ ಕೈಗಿತ್ತರು. ಕಕ್ಕಾಬಿಕ್ಕಿಯಾದ ಕ್ಲೀಸ್, ಥ್ಯಾಚರ್ ಏನನ್ನೂ ಬದಲಿಸಿಲ್ಲ ಎನ್ನುವಂತಿಲ್ಲ ಎಂಬರ್ಥದ ಮಾತು ಹೇಳಿ ಹೊರಟರು. ಹೆಚ್ಚೆಂದರೆ ಅರೆ ನಿಮಿಷದ ಆಟ. ಇದನ್ನು ಗಿಳಿಯ ಸ್ಕಿಟ್ ನೋಡಿರದವರಿಗೆ ತೋರಿಸಿ. ಒಬ್ಬ ಸಜ್ಜನ ಅಂಗಡಿಕಾರ ಕಾಣಿಸುತ್ತಾನೆ, ಅಷ್ಟೇ. ಇಪ್ಪತ್ತು ವರ್ಷ ಅದನ್ನೇ ಕೇಳಿದವರಿಗೆ ಮಾತ್ರ ಅದು ಹೊಸ ಜೋಕು. ಕಾಂಟ್ ಹೇಳಿದ ನಿರೀಕ್ಷೆಯನ್ನು ಒಂದೇ ಸ್ಕಿಟ್‌ನೊಳಗೆ ಕಟ್ಟಬೇಕೆಂದಿಲ್ಲ, ಎರಡು ದಶಕಗಳುದ್ದಕ್ಕೂ ಕಟ್ಟಬಹುದು.

2014ರಲ್ಲಿ ಆ ನಿರೀಕ್ಷೆಯನ್ನು ಒಡೆದದ್ದು ಬರಹವಲ್ಲ, ವಯಸ್ಸು. ‘ಸಿಲ್ಲಿ ವಾಕ್ಸ್’ ಸ್ಕಿಟ್‌ನಲ್ಲಿ ಕಾಲು ತಲೆಯ ಮಟ್ಟಕ್ಕೆ ಎಸೆದು ನಡೆಯುತ್ತಿದ್ದ ಕ್ಲೀಸ್‌ಗೆ ಈಗ ಸೊಂಟ, ಮಂಡಿ ಎರಡೂ ಕೃತಕ. ಆ ನಡಿಗೆಯನ್ನು ನೃತ್ಯಗಾರರ ತಂಡಕ್ಕೆ ಒಪ್ಪಿಸಿದರು. ಗಿಳಿಯ ಅಂಗಡಿಯಲ್ಲಿ ಕ್ಲೀಸ್, ಪೇಲಿನ್ ಇಬ್ಬರೂ ಮಾತಿನ ಹಾದಿ ಬಿಟ್ಟು ಒಬ್ಬರನ್ನೊಬ್ಬರು ನಗಿಸುತ್ತ ನಿಂತರು. ಆ ಸ್ಕಿಟ್ ಹಾಗೇ ಜಾರಿ ಚೀಸ್ ಅಂಗಡಿಯ ಸ್ಕಿಟ್‌ನೊಳಕ್ಕೆ ಹೋಯಿತು. ಟಿ.ವಿ. ಕಾಲದಲ್ಲಿ ಇದನ್ನು ಕಚ್ಚಾತನ ಎನ್ನುತ್ತಿದ್ದರು, ರೀಟೇಕ್ ಮಾಡುತ್ತಿದ್ದರು. ಇಲ್ಲಿ ಸಭೆ ಮುಗಿಬಿದ್ದು ನಕ್ಕದ್ದು ಇಂಥ ಗಳಿಗೆಗಳಿಗೇ. ತಪ್ಪಿದ್ದು ಎಲ್ಲಿ ಎಂದು ಗುರುತಿಸಲು ಸರಿಯಾದದ್ದು ಗೊತ್ತಿರಬೇಕು. ಆ ಸಭೆಯಲ್ಲಿ ಅದು ಎಲ್ಲರಿಗೂ ಗೊತ್ತಿತ್ತು. ಟೆರ್ರಿ ಜೋನ್ಸ್ ಮಾತ್ರ ತಮ್ಮ ಮಾತುಗಳಿಗಾಗಿ ಟೆಲಿಪ್ರಾಂಪ್ಟರ್ ನೆಚ್ಚಿಕೊಂಡಿದ್ದರು. ವಯಸ್ಸಾಯಿತು, ಮರೆವು ಎಂದೇ ಎಲ್ಲರೂ ಭಾವಿಸಿದರು. ಭಾಷೆಯನ್ನೇ ಕಸಿಯುವ ಒಂದು ಬಗೆಯ ಡಿಮೆನ್ಶಿಯಾ ಅವರಿಗಿದೆ ಎಂಬುದು ಬಹಿರಂಗವಾದದ್ದು 2016ರಲ್ಲಿ. 2020ರ ಜನವರಿಯಲ್ಲಿ ಅವರು ತೀರಿಕೊಂಡರು. ಇದನ್ನು ತಿಳಿದು ಈಗ ಆ ದೃಶ್ಯ ನೋಡುವುದು ಬೇರೆಯೇ ಅನುಭವ, ಮತ್ತು ಅದರಿಂದ ನಗು ಕುಗ್ಗುವುದೂ ಉಂಟು. ನನ್ನ ವಾದಕ್ಕೆ ಇದು ಅನುಕೂಲವಲ್ಲ ಎಂಬುದನ್ನೂ ಒಪ್ಪಬೇಕು: ವಯಸ್ಸಿನ ಎಡವಟ್ಟುಗಳೆಲ್ಲವೂ ಹಾಸ್ಯಕ್ಕೆ ಒದಗಿಬರುವುದಿಲ್ಲ.

ಇನ್ನು ದುಡ್ಡಿನ ಮಾತು. ಇದರಲ್ಲಿ ಮುಚ್ಚುಮರೆ ಏನೂ ಇರಲಿಲ್ಲ. 1975ರ ‘ಹೋಲಿ ಗ್ರೇಲ್’ ಚಿತ್ರದ ನಿರ್ಮಾಪಕ ಮಾರ್ಕ್ ಫಾರ್‌ಸ್ಟೇಟರ್, ಆ ಚಿತ್ರದಿಂದ ಹುಟ್ಟಿದ ‘ಸ್ಪ್ಯಾಮಲಾಟ್’ ಸಂಗೀತ ನಾಟಕದ ಆದಾಯದಲ್ಲಿ ತಮಗೆ ಸಲ್ಲಬೇಕಾದ ಪಾಲಿಗಾಗಿ ಹೂಡಿದ ದಾವೆಯನ್ನು 2013ರ ಜುಲೈನಲ್ಲಿ ಗೆದ್ದರು. ಪಾಲು, ವಕೀಲರ ಖರ್ಚು ಎಲ್ಲ ಸೇರಿ ತಂಡದ ತಲೆಯ ಮೇಲೆ ದೊಡ್ಡ ಹೊರೆ ಬಿತ್ತು. ಅದನ್ನು ತೀರಿಸುವ ದಾರಿ ಹುಡುಕುತ್ತಿದ್ದಾಗಲೇ ಅರೀನಾದಲ್ಲಿ ಒಂದು ಪ್ರದರ್ಶನ ಎಂಬ ಸಲಹೆ ಬಂದದ್ದು. ಮನೆಸಾಲ ತೀರಿದರೆ ಸಾಕಪ್ಪ ಎಂಬರ್ಥದಲ್ಲಿ ಜೋನ್ಸ್ ಬಿಬಿಸಿಗೆ ಹೇಳಿಯೂ ಇದ್ದರು. ಕಲೆ ಕಾಸಿಗಾಗಿ ಹುಟ್ಟಿದರೆ ಕಳಪೆ ಎನ್ನುವವರು ಶೇಕ್ಸ್‌ಪಿಯರ್ ತನ್ನ ನಾಟಕ ಕಂಪನಿಯಲ್ಲಿ ಪಾಲುದಾರನಾಗಿದ್ದನೆಂಬುದನ್ನು ನೆನೆದರೆ ಸಾಕು. ನನಗೆ ಇದಕ್ಕಿಂತ ಕುತೂಹಲದ್ದು ಬೇರೆ. ಸಾಲ ತೀರಿಸಲು ಬಂದಿದ್ದೇವೆ ಎಂದು ಬಾಯಿಬಿಟ್ಟು ಹೇಳಿದ ತಂಡಕ್ಕೆ ಭಾವುಕತೆಯ ಮುಖವಾಡ ಹಾಕಿಕೊಳ್ಳುವ ದರ್ದು ಇರಲಿಲ್ಲ. ಗೆಳೆತನಕ್ಕಾಗಿ ಕೂಡಿದೆವು, ಅಭಿಮಾನಿಗಳ ಪ್ರೀತಿ ಎಳೆದು ತಂದಿತು ಎಂಬ ಮಾತುಗಳಿಂದ ಅದು ಪಾರಾಯಿತು.

ಹೊಸದನ್ನು ಬರೆಯಬಹುದಿತ್ತಲ್ಲ, ಕನಿಷ್ಠ ಹಳೆಯದಕ್ಕೆ ಇಂದಿನ ರಾಜಕೀಯ ಸೇರಿಸಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಕನ್ನಡದ ಓದುಗರಿಗೆ ಈ ಪ್ರಶ್ನೆ ಸಹಜವಾಗಿಯೇ ಬರುತ್ತದೆ, ಏಕೆಂದರೆ ನಮ್ಮ ಕಣ್ಣಮುಂದೆ ಮಾಸ್ಟರ್ ಹಿರಣ್ಣಯ್ಯನವರಿದ್ದರು. ‘ಲಂಚಾವತಾರ’ ಸಾವಿರಾರು ಪ್ರಯೋಗ ಕಂಡರೂ ಹಳಸಲಿಲ್ಲ. ಅಂದಿನ ಪತ್ರಿಕೆಯ ಸುದ್ದಿ ಅಂದೇ ಸಂಜೆ ಅವರ ಬಾಯಲ್ಲಿ ಬರುತ್ತಿತ್ತು, ಮಂತ್ರಿ ಬದಲಾದಂತೆ ಮಾತೂ ಬದಲಾಗುತ್ತಿತ್ತು. ಆದರೆ ಆ ನಾಟಕದ ಕಟ್ಟಡವೇ ಹಾಗಿತ್ತು: ಸುದ್ದಿ ತುಂಬಲೆಂದೇ ಅದರಲ್ಲಿ ಜಾಗ ಬಿಟ್ಟಿದ್ದರು. ಪೈಥಾನ್ ಕಟ್ಟಿದ್ದು ಇದಕ್ಕೆ ನೇರ ತದ್ವಿರುದ್ಧವಾಗಿ. 1962-63ರಲ್ಲಿ ಬಿಬಿಸಿಯ ‘ದಟ್ ವಾಸ್ ದ ವೀಕ್ ದಟ್ ವಾಸ್’ ವಾರದ ರಾಜಕೀಯವನ್ನು ಗೇಲಿ ಮಾಡಿ ಹೆಸರು ಗಳಿಸಿತ್ತು. ಪೈಥಾನ್ ಬಳಗ ಬೇಕೆಂದೇ ದಿನದ ಸುದ್ದಿಯಿಂದ ದೂರ ಉಳಿಯಿತು. ಗುಮಾಸ್ತ, ಪಾದ್ರಿ, ಅಂಗಡಿಕಾರ, ಕರ್ನಲ್ ಇಂಥ ನಮೂನೆಗಳನ್ನು ಹಿಡಿದು ಅವರ ತರ್ಕವನ್ನು ಹುಚ್ಚಿನ ಅಂಚಿಗೆ ತಳ್ಳುವುದು ಅವರ ಕಸುಬು. ಹಿರಣ್ಣಯ್ಯನವರ ಮಾತು ಬದಲಾಗದಿದ್ದರೆ ಸಾಯುತ್ತದೆ, ಪೈಥಾನ್ ಮಾತು ಬದಲಾದರೆ ಕುಂಟುತ್ತದೆ. ಹೊಸ ಬರಹದ ಪ್ರಯೋಗಕ್ಕೂ ಒಂದು ಹಳೆಯ ಉದಾಹರಣೆಯಿದೆ. ಪೈಥಾನ್ ಬಳಗಕ್ಕೆ ಗುರುಸಮಾನರಾದ ‘ಗೂನ್ ಶೋ’ ರೇಡಿಯೊ ತಂಡ 1960ರಲ್ಲಿ ನಿಂತು, ಬಿಬಿಸಿಯ ಐವತ್ತನೆಯ ವರ್ಷದ ನೆಪದಲ್ಲಿ 1972ರಲ್ಲಿ ಮತ್ತೆ ಕೂಡಿತು. ಮಿಲಿಗನ್ ಹೊಸ ಸ್ಕ್ರಿಪ್ಟನ್ನೇ ಬರೆದರು. ಅಲ್ಲಿಯೂ ಚಪ್ಪಾಳೆ ಏಳುವುದು ಹೊಸ ಜೋಕುಗಳಿಗಲ್ಲ, ಪೀಟರ್ ಸೆಲರ್ಸ್ ಹಳೆಯ ಪಾತ್ರದ ದನಿ ತೆಗೆದೊಡನೆ.

ಹಾಗೆಂದು ಓ-ಟೂ ಪ್ರದರ್ಶನದಲ್ಲಿ ಎಲ್ಲವೂ ಚೆಂದವಿತ್ತೆಂದಲ್ಲ. ಇಬ್ಬರು ಒಂದು ಕಟ್ಟೆಯ ಆಚೀಚೆ ನಿಂತು ಜಗಳವಾಡುವ ಹಾಸ್ಯಕ್ಕೆ ಅಷ್ಟು ದೊಡ್ಡ ಅರೀನಾ ತಕ್ಕ ಜಾಗವಲ್ಲ. ಹಿಂದಿನ ಸಾಲಿನವರು ನೋಡಿದ್ದು ದೊಡ್ಡ ಪರದೆಯನ್ನು, ಅಂದರೆ ಮತ್ತೆ ಟಿ.ವಿ.ಯನ್ನೇ. ಆ ಖಾಲಿಯನ್ನು ತುಂಬಲು ನಿರ್ದೇಶನ ವಹಿಸಿಕೊಂಡ ಐಡಲ್, ಆರ್ಲೀನ್ ಫಿಲಿಪ್ಸ್ ಸಂಯೋಜಿಸಿದ ಕುಣಿತಗಳನ್ನು ಸಾಲುಸಾಲಾಗಿ ತಂದರು. ಹಿರಿಯರಿಗೆ ವೇಷ ಬದಲಿಸಲು, ಉಸಿರೆಳೆದುಕೊಳ್ಳಲು ಸಮಯ ಬೇಕಿತ್ತೆಂಬುದು ಅರ್ಥವಾಗುತ್ತದೆ, ಆದರೆ ಅಬ್ಬರದ ಮನರಂಜನೆಯನ್ನು ಗೇಲಿ ಮಾಡಿ ಬೆಳೆದವರು ಅದನ್ನೇ ಹಾಸಿಹೊದ್ದು ಮಲಗಿದಂತೆ ಕಾಣುತ್ತಿತ್ತು. ಚೀನೀಯರ ಕುರಿತ ಹಾಡನ್ನು ಕೈಬಿಡಬಹುದಿತ್ತು. 1980ರಲ್ಲೇ ಅದು ದುರ್ಬಲ ಜೋಕು. ಕಾಲ ಬದಲಾಯಿತು ಎಂಬ ಕಾರಣಕ್ಕಿಂತ, ಗಿಳಿಯ ಸ್ಕಿಟ್‌ನಲ್ಲಿರುವ ತರ್ಕದ ಹಟ ಅದರಲ್ಲಿ ಇಲ್ಲ ಎಂಬ ಕಾರಣಕ್ಕೆ ನನ್ನ ಆಕ್ಷೇಪ. ಸೇರಿಸಿದ ಹೊಸದರಲ್ಲಿ ನಿಜವಾಗಿ ಗೆದ್ದದ್ದು ಒಂದು ಚಿಕ್ಕ ಚಿತ್ರಿಕೆ. ಬ್ರಹ್ಮಾಂಡದ ಅಳತೆಗಳನ್ನು ಪಟ್ಟಿಮಾಡುವ ಐಡಲ್‌ರ ‘ಗ್ಯಾಲಕ್ಸಿ ಸಾಂಗ್’ ಮುಗಿದೊಡನೆ ಭೌತವಿಜ್ಞಾನಿ ಬ್ರಯಾನ್ ಕಾಕ್ಸ್ ಪರದೆಯ ಮೇಲೆ ಬಂದು ಅದರ ಅಂಕಿಗಳು ತಪ್ಪೆಂದು ತಿದ್ದತೊಡಗುತ್ತಾರೆ. ಹಿಂದಿನಿಂದ ಗಾಲಿಕುರ್ಚಿಯಲ್ಲಿ ಬಂದ ಸ್ಟೀಫನ್ ಹಾಕಿಂಗ್ ಅವರನ್ನು ಗುದ್ದಿ ಉರುಳಿಸಿ, ತಮ್ಮ ಯಂತ್ರದನಿಯಲ್ಲಿ ಆ ತಪ್ಪು ಅಂಕಿಗಳ ಹಾಡನ್ನೇ ಹಾಡುತ್ತಾರೆ. ಹಳೆಯ ಹಾಡು ಗೊತ್ತಿಲ್ಲದಿದ್ದರೆ ಇದೂ ಅರ್ಧ ಜೋಕು.

ತಂಡದಲ್ಲಿ ಆರನೆಯವನಿಲ್ಲದ ಮೇಲೆ ಇದು ಪೈಥಾನ್ ಹೇಗಾದೀತು ಎಂಬ ಪ್ರಶ್ನೆಯನ್ನು ಪ್ರದರ್ಶನ ತನ್ನದೇ ರೀತಿಯಲ್ಲಿ ಎದುರಿಸಿತು. ಚಾಪ್‌ಮನ್ ಹಳೆಯ ತುಣುಕುಗಳಲ್ಲಿ ಪರದೆಯ ಮೇಲೆ ಬಂದರು, ಕಣ್ಣೀರಿನ ಶ್ರದ್ಧಾಂಜಲಿ ಇರಲಿಲ್ಲ. 1998ರಲ್ಲಿ ಅಮೆರಿಕದ ಆಸ್ಪೆನ್‌ನಲ್ಲಿ ಐವರೂ ಸಂದರ್ಶನಕ್ಕೆ ಕೂಡಿದಾಗ ಚಾಪ್‌ಮನ್ ಚಿತಾಭಸ್ಮ ಎಂದು ಒಂದು ಕರಂಡವನ್ನು ತಂದಿಟ್ಟು, ಮಾತಿನ ನಡುವೆ ಬೇಕೆಂದೇ ಒದ್ದು ಚೆಲ್ಲಿ, ಗಾಬರಿಯಿಂದ ಗುಡಿಸಿದ ತಂಡ ಇದು. ಮುಗಿಸುವ ವಿಷಯದಲ್ಲಿಯೂ ಅವರು ಅಷ್ಟೇ ನಿಷ್ಠುರರು. 1973ರಲ್ಲಿ, ಇನ್ನೂ ಮೂವತ್ತರ ಆಸುಪಾಸಿನಲ್ಲಿದ್ದಾಗ, ಬ್ರಿಟನ್ನಿನಲ್ಲಿ ಕೈಗೊಂಡ ರಂಗಪ್ರವಾಸಕ್ಕೆ ‘ಮೊದಲ ವಿದಾಯ ಪ್ರವಾಸ’ ಎಂದು ಹೆಸರಿಟ್ಟಿದ್ದರು. ವಿದಾಯ ಹೇಳುತ್ತಲೇ ವರ್ಷವರ್ಷವೂ ಹಿಂತಿರುಗುವ ತಾರೆಯರ ಮೇಲಿನ ಕುಹಕ ಅದು. ನಲವತ್ತು ವರ್ಷ ಕಳೆದು ಹತ್ತೇ ದಿನದಲ್ಲಿ ಹತ್ತೂರಿನ ಟಿಕೆಟ್ ಮಾರಬಲ್ಲ ಸ್ಥಿತಿ ಬಂದಾಗ ಅವರು ಹನ್ನೊಂದನೆಯ ಪ್ರದರ್ಶನ ಕೊಡಲಿಲ್ಲ. ಜುಲೈ 20ರ ರಾತ್ರಿ ಸಭೆಯೆಲ್ಲ ಎದ್ದುನಿಂತು ಶಿಲುಬೆಯ ಹಾಡನ್ನು ಹಾಡಿ ಮುಗಿಸಿದ ಮೇಲೆ ಪರದೆಯಲ್ಲಿ ಮೊದಲು ಗ್ರಹಾಂ ಚಾಪ್‌ಮನ್ ಹೆಸರು, ಹುಟ್ಟಿದ ಮತ್ತು ಸತ್ತ ವರ್ಷ ಕಾಣಿಸಿತು. ಅನಂತರ ಅದೇ ರೀತಿಯಲ್ಲಿ ಮಾಂಟಿ ಪೈಥಾನ್, 1969–2014. ಕಣ್ಣೊರೆಸಿಕೊಳ್ಳಲು ಕೈ ಎತ್ತಿದವರಿಗೆ ಮುಂದಿನ ಸ್ಲೈಡ್, ಮನೆಯವರ ಎದುರು ಆಡಬಾರದ ಎರಡು ಇಂಗ್ಲಿಷ್ ಪದಗಳಲ್ಲಿ, ಇನ್ನು ಎದ್ದು ತೊಲಗಿ ಎಂದಿತು.